ಗಾಳಿಗೆ ತಕ್ಕ ಹಾಯಿ

ನಮ್ಮ ನೌಕಾದಳದ ಅಧಿಕಾರಿಣಿಯರಾದ ದಿಲ್ನಾ ಮತ್ತು ರೂಪಾ ಎಂಬಿಬ್ಬರು ‘ತಾರಿಣಿ’ಯೆಂಬ ಹಾಯಿದೋಣಿಯಲ್ಲಿ 2024ನೆಯ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಂಡಲವನ್ನು ಒಂದು ಸುತ್ತು ಬಳಸಿ, 2025ನೆಯ ಮೇ 29ರಂದು ಮರಳಿ ಅಲ್ಲಿಗೇ ಬಂದು ಸೇರಿದ ಸಂಗತಿಯು ವಾಚಕರಿಗೆ ನೆನಪಿರಬಹುದು. ತಾರಿಣಿಯೆಂದರೆ ದಾಟಿಸುವವಳು. ಸುಮಾರು 25,400 ನಾವಿಕ ಮೈಲಿಗಳ ಆ ಯಾತ್ರೆಯನ್ನು ಅವರು ಎಂಟು ತಿಂಗಳಲ್ಲಿ ಮುಗಿಸಿದರು. ಈ ವರ್ತಮಾನವನ್ನು ನಾನು ಮನೆಯವರಿಗೆ ಓದಿ ಹೇಳುತ್ತಿದ್ದಾಗ, ಗಾಳಿ ಹೆಚ್ಚಿದೊಡನೆ ನಾವಿಕರು ದೊಡ್ಡ ಹಾಯಿಯನ್ನಿಳಿಸಿ ಚಿಕ್ಕದನ್ನೇರಿಸುವರೆಂಬ ಮಾತು ಬಂದಿತು. ಕೂಡಲೆ ನನ್ನ ಮೊಮ್ಮಗಳು, “ಅದೇಕೆ ತಾತ? ಗಾಳಿ ಬಂದಾಗ ತೂರಿಕೋ ಎಂದು ನೀವೇ ಹೇಳುತ್ತೀರಲ್ಲ! ಗಾಳಿ ಜೋರಾದಾಗ ದೊಡ್ಡ ಹಾಯಿ ಕಟ್ಟಿದರೆ ಬೇಗ ಊರು ಸೇರಬಹುದಲ್ಲವೇ?” ಎಂದು ಕೇಳಿದಳು.

ನಾನು ಬಯಲುಸೀಮೆಯವನು, ಕೆರೆಯ ತೆಪ್ಪಕ್ಕಿಂತ ದೊಡ್ಡದಾದ ನೌಕೆಯನ್ನು ಏರಿದವನಲ್ಲ. ಆದರೂ ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕುವುದು ಉಪಾಧ್ಯಾಯನಾದವನಿಗೆ ಬಿಡದ ಚಾಳಿ. ಆ ಗ್ರಂಥ ಈ ಗ್ರಂಥಗಳಿಂದ ತಿಳಿದುಕೊಂಡುದನ್ನು ಇಲ್ಲಿ ನಾಲ್ಕು ಮಾತುಗಳಲ್ಲಿ ನಿವೇದಿಸುವೆನು.

ಮೊದಲು ದೋಣಿಯ ಸ್ವರೂಪವನ್ನು ತಿಳಿಯೋಣ. ನಡುವೆ ನಿಂತಿರುವುದು ಕೂವೆಮರ. ಇದಕ್ಕೆ ಸಂಸ್ಕೃತದಲ್ಲಿ ಗುಣವೃಕ್ಷಕವೆಂಬ ಹೆಸರೂ ಉಂಟು. ಗುಣವೆಂದರೆ ಹಗ್ಗ, ಹಗ್ಗಗಳನ್ನು ಕಟ್ಟುವ ಮರವೆಂದರ್ಥ. ಕೂವೆಮರದ ಹಿಂದೆ ಇರುವುದು ದೊಡ್ಡ ಹಾಯಿ. ಮರದ ಮೇಲುಭಾಗದಿಂದ ದೋಣಿಯ ಮೂತಿಯವರೆಗೆ ಒಂದು ಉಕ್ಕಿನ ತಂತಿಯನ್ನು ಬಿಗಿದಿರುವರು. ಆ ತಂತಿಗೆ ಹೊಂದಿಕೊಂಡು ಏರುವ ತ್ರಿಕೋಣಾಕಾರದ ಹಾಯಿಯೇ ಮುಂಹಾಯಿ. ದೊಡ್ಡ ಹಾಯಿಯು ಒಂದೇ. ಗಾಳಿ ಹೆಚ್ಚಿದರೆ ಅದರ ಕೆಳಭಾಗವನ್ನು ಮಡಿಚಿ ಕಟ್ಟಿ ಚಿಕ್ಕದು ಮಾಡುವರು. ಮುಂಹಾಯಿಗಳಾದರೋ ಹಲವು. ಹೊತ್ತಿಗೆ ತಕ್ಕುದನ್ನು ಆರಿಸಿಕೊಳ್ಳುವುದರಲ್ಲಿಯೇ ಕರ್ಣಧಾರನ ವಿವೇಕವೆಲ್ಲ ಅಡಗಿದೆ.

ಮೊಮ್ಮಗಳ ಪ್ರಶ್ನೆಗೆ ಉತ್ತರವು ಒಂದು ಚಿಕ್ಕ ಲೆಕ್ಕದಲ್ಲಿದೆ. ಗಾಳಿಯ ವೇಗವು ಇಮ್ಮಡಿಯಾದರೆ ಹಾಯಿಯ ಮೇಲೆ ಅದು ಒತ್ತುವ ಬಲವು ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುವುದು. ವೇಗವು ಮುಮ್ಮಡಿಯಾದರೆ ಬಲವು ಒಂಬತ್ತು ಮಡಿಯಾಗುವುದು. ಬಲವು ವೇಗದ ವರ್ಗವನ್ನನುಸರಿಸಿ ಬೆಳೆಯುವುದೆಂಬುದೇ ಇದರ ನಿಯಮ. ನಾವಿಕರು ವೇಗವನ್ನು ನಾಟ್ ಎಂಬ ಮಾನದಿಂದ ಅಳೆಯುವರು. ಒಂದು ನಾಟ್ ಎಂದರೆ ಗಂಟೆಗೊಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರು. ಹತ್ತು ನಾಟ್ ಇದ್ದ ಗಾಳಿಯು ಹದಿನಾಲ್ಕಕ್ಕೆ ಏರಿದರೆ ದಡದಲ್ಲಿ ನಿಂತವನು ಅದನ್ನು ಗಮನಿಸದೆಯೂ ಇರಬಹುದು. ಹಾಯಿಗೆ ಮಾತ್ರ ಆ ನಾಲ್ಕು ನಾಟ್‌ಗಳಿಂದಲೇ ಹೊರೆಯು ಸುಮಾರು ಎರಡರಷ್ಟಾಗುವುದು.

ಈ ಹೆಚ್ಚಿನ ಬಲವೆಲ್ಲ ದೋಣಿಯನ್ನು ಮುಂದಕ್ಕೇ ನೂಕುವಂತಿದ್ದರೆ ಚಿಂತೆಯಿರಲಿಲ್ಲ. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವಾಗ ಅದರ ಬಹುಭಾಗವು ದೋಣಿಯನ್ನು ಪಕ್ಕಕ್ಕೆ ವಾಲಿಸುವುದು. ಅತಿಯಾಗಿ ವಾಲಿದ ದೋಣಿಯು ತಾನಾಗಿಯೇ ಗಾಳಿಯ ಕಡೆಗೆ ಮುಖ ತಿರುಗಿಸಲೆಳಸುವುದು. ಅದನ್ನು ತಡೆಯಲು ಚುಕ್ಕಾಣಿಯನ್ನು ಬಲವಾಗಿ ಓರೆಹಿಡಿಯಬೇಕು. ಹಾಗೆ ಓರೆಯಾದ ಚುಕ್ಕಾಣಿಯು ನೀರಿನಲ್ಲಿ ಅಡ್ಡ ನಿಂತು ದೋಣಿಯ ವೇಗವನ್ನೇ ಕುಗ್ಗಿಸುವುದು. ಆದುದರಿಂದ ಅಂತಹ ಗಾಳಿಯಲ್ಲಿ ಹಾಯಿಯನ್ನು ಚಿಕ್ಕದು ಮಾಡಿದರೆ ದೋಣಿಯು ನೆಟ್ಟಗಾಗಿ, ಮೊದಲಿಗಿಂತ ಬೇಗನೆಯೇ ಸಾಗುವುದುಂಟು. ರಾಶಿ ತೂರುವ ರೈತನೂ ಹದವಾದ ಗಾಳಿಗೆ ಕಾಯುವನೇ ಹೊರತು ಬಿರುಗಾಳಿಗಲ್ಲ. ಬಿರುಗಾಳಿಯಲ್ಲಿ ತೂರಿದರೆ ಹೊಟ್ಟಿನೊಡನೆ ಕಾಳೂ ಹಾರಿಹೋದೀತು. ಗಾದೆಯು ಸುಳ್ಳಲ್ಲ, ಎಂತಹ ಗಾಳಿಯೆಂಬುದನ್ನು ನಾವು ಸೇರಿಸಿಕೊಂಡು ಓದಬೇಕು.

ಇನ್ನು ಮುಂಹಾಯಿಗಳ ಭೇದಗಳನ್ನು ನೋಡೋಣ. ಗಾಳಿ ಮೆಲ್ಲಗೆ ಬೀಸುವಾಗ ಜೆನೋವಾ ಎಂಬ ದೊಡ್ಡ ಮುಂಹಾಯಿಯನ್ನು ಏರಿಸುವರು. ಅದರ ಹಿಂದಿನ ಅಂಚು ಕೂವೆಮರವನ್ನೂ ದಾಟಿ ದೊಡ್ಡ ಹಾಯಿಯ ಪಕ್ಕಕ್ಕೆ ಚಾಚಿಕೊಂಡಿರುವುದು. 1920ರ ದಶಕದಲ್ಲಿ ಸ್ವೀಡನ್ನಿನ ಸ್ವೆನ್ ಸಾಲೆನ್ ಎಂಬವರು ಇಟಲಿಯ ಜೆನೋವಾ ಪಟ್ಟಣದ ಪಂದ್ಯದಲ್ಲಿ ಇಂತಹುದನ್ನು ಬಳಸಿದುದರಿಂದ ಅದಕ್ಕೆ ಆ ಊರಿನ ಹೆಸರೇ ನಿಂತಿತು. ಗಾಳಿ ಬಲಿತಾಗ ಕೂವೆಮರದ ಹಿಂದಕ್ಕೆ ಚಾಚದ, ಅದಕ್ಕಿಂತ ಚಿಕ್ಕದಾದ ಜಿಬ್ ಸಾಕು. ಇನ್ನೂ ಬಲಿತರೆ ಮತ್ತೂ ಚಿಕ್ಕ ಜಿಬ್ಬನ್ನು ಏರಿಸಿ, ದೊಡ್ಡ ಹಾಯಿಯನ್ನೂ ಮಡಿಚುವರು. ಬಿರುಗಾಳಿಗೆಂದೇ ದಪ್ಪ ಬಟ್ಟೆಯ, ಪುಟ್ಟದಾದ ಬಿರುಗಾಳಿ ಜಿಬ್ ಇರುವುದು. ದೂರದಿಂದ ಕಾಣಲೆಂದು ಅದನ್ನು ಕಿತ್ತಳೆಯಂತಹ ಎದ್ದು ತೋರುವ ಬಣ್ಣದಲ್ಲಿ ಮಾಡುವ ರೂಢಿಯುಂಟು. ಹಿಂದಿನಿಂದ ಬೀಸುವ ಮಂದಮಾರುತಕ್ಕೆ ತೆಳುವಾದ ನೈಲಾನಿನ, ಹೊಟ್ಟೆಯುಬ್ಬಿದ ಸ್ಪಿನ್ನಾಕರ್ ಎಂಬುದು ಬೇರೆಯೇ ಇದೆ. ಐವತ್ತಾರು ಅಡಿ ಉದ್ದದ ತಾರಿಣಿಯೂ ದೊಡ್ಡ ಹಾಯಿ, ಮುಂಹಾಯಿ, ಹಿಂಗಾಳಿಯ ಹಾಯಿ, ಬಿರುಗಾಳಿಯ ಹಾಯಿ ಇವೆಲ್ಲವನ್ನೂ ಹೊತ್ತೇ ಹೊರಟಿತು.

ಈಗಿನ ಅನೇಕ ದೋಣಿಗಳಲ್ಲಿ ಮುಂಹಾಯಿಯನ್ನು ಅದರ ತಂತಿಯ ಸುತ್ತ ಚಾಪೆಯಂತೆ ಸುರುಳಿ ಸುತ್ತುವ ಯಂತ್ರವಿರುವುದು. ಹಗ್ಗವನ್ನೆಳೆದರೆ ಕುಳಿತಲ್ಲಿಂದಲೇ ಹಾಯಿ ಚಿಕ್ಕದಾಗುವುದು. ಅಲೆ ಅಪ್ಪಳಿಸುವ ಮೂತಿಗೆ ಹೋಗುವ ಅಪಾಯವಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಸುತ್ತಿದ ಜೆನೋವಾ ನಡುವೆ ಉಬ್ಬಿ ಆಕಾರಗೆಡುವುದು. ಬಲವಾದ ಗಾಳಿಗೆ ಬೇಕಾದುದು ಚಪ್ಪಟೆಯಾದ ಹಾಯಿ. ಆದುದರಿಂದಲೇ ದೂರಯಾತ್ರೆಯ ನಾವಿಕರು ಒಳಗಡೆ ಮತ್ತೊಂದು ತಂತಿಯನ್ನು ಬಿಗಿದು, ಬಿರುಗಾಳಿಯ ಜಿಬ್ಬನ್ನು ಅದಕ್ಕೆ ಕಟ್ಟುವರು.

ಗಾಳಿಯನ್ನು ಅಳೆಯುವುದರಲ್ಲಿಯೂ ಒಂದು ಮೋಸವುಂಟು. ಹದಿನೆಂಟು ನಾಟ್ ಗಾಳಿಯು ಹಿಂದಿನಿಂದ ಬೀಸುತ್ತಿರಲು ದೋಣಿಯು ಆರು ನಾಟ್ ವೇಗದಿಂದ ಓಡುತ್ತಿದ್ದರೆ, ಒಳಗಿದ್ದವರಿಗೆ ತಗಲುವ ಗಾಳಿಯು ಹನ್ನೆರಡೇ ನಾಟ್. ಎಲ್ಲವೂ ಹಿತವಾಗಿ ತೋರುವುದು. ಅದೇ ದೋಣಿಯನ್ನು ಗಾಳಿಗೆ ಎದುರಾಗಿ ಓರೆ ತಿರುಗಿಸಿದರೆ, ಅದೇ ವೇಗದಲ್ಲಿ ತಗಲುವ ಗಾಳಿಯು ಇಪ್ಪತ್ತೆರಡು ನಾಟ್ ಮೀರುವುದು. ಹಾಯಿಯ ಹೊರೆಯು ಒಮ್ಮೆಗೇ ಸುಮಾರು ಮೂರೂವರೆ ಪಟ್ಟು ಏರುವುದು. ಆದುದರಿಂದ ತಿರುಗುವ ಮುನ್ನವೇ ಹಾಯಿಯನ್ನು ಕಿರಿದು ಮಾಡತಕ್ಕದ್ದು. ಸುಖದಲ್ಲಿರುವಾಗ ಮುಂದಿನದನ್ನೆಣಿಸುವುದು ಕಷ್ಟವೆಂಬುದು ಸಂಸಾರಿಗಳಾದ ನಮಗೂ ತಿಳಿಯದ ಮಾತಲ್ಲ.

ಹಾಯಿಯನ್ನು ಯಾವಾಗ ಬದಲಾಯಿಸಬೇಕು? ಬದಲಾಯಿಸಬೇಕೋ ಎಂಬ ಸಂದೇಹವು ಮನಸ್ಸಿನಲ್ಲಿ ಹುಟ್ಟಿದಾಗಲೇ ಬದಲಾಯಿಸಬೇಕೆಂದು ಅನುಭವಿಗಳು ಹೇಳುವರು. ತೆರೆಗಳ ತಲೆ ಬೆಳ್ಳಗಾಗುವುದು, ದಿಗಂತದಲ್ಲಿ ಮೋಡ ಕಪ್ಪಡರುವುದು, ವಾಯುಭಾರಮಾಪಕವು ಇಳಿಯುವುದು ಇವೇ ಮುನ್ಸೂಚನೆಗಳು. ಕತ್ತಲಾಗುವ ಮುಂಚೆ ಒಂದಳತೆ ಚಿಕ್ಕದನ್ನೇ ಏರಿಸಿಡುವುದು ಲೇಸು. ಚಿಕ್ಕ ಹಾಯಿಯಿಂದ ದೊಡ್ಡದಕ್ಕೆ ಹೋಗುವುದು ಸುಲಭ. ಬಿರುಗಾಳಿಯ ನಡುವೆ ಬಡಿದಾಡುವ ದೊಡ್ಡ ಹಾಯಿಯನ್ನಿಳಿಸಲು ಮುಂದಕ್ಕೆ ಹೋದವನ ಪ್ರಾಣವು ಸೊಂಟದ ಹಗ್ಗವೊಂದನ್ನೇ ನಂಬಿಕೊಂಡಿರುವುದು. ಒಂದು ಬಿರುಸು ಕಳೆದು ಗಾಳಿ ತಗ್ಗಿದೊಡನೆ ಆತುರಪಟ್ಟು ದೊಡ್ಡದನ್ನು ಏರಿಸಲೂಬಾರದು. ಹಿಂದೆಯೇ ಮತ್ತೊಂದು ಬಿರುಸು ಬರುವುದುಂಟು.

ತಕ್ಕ ಹಾಯಿಯನ್ನು ಆರಿಸಿದ ಮಾತ್ರಕ್ಕೆ ಸಮುದ್ರವು ವಶವಾಯಿತೆಂದು ಯಾರೂ ಭಾವಿಸಬಾರದು. 1979ನೆಯ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಫಾಸ್ಟ್‌ನೆಟ್ ಪಂದ್ಯಕ್ಕೆ ಹೊರಟ 303 ದೋಣಿಗಳ ಮೇಲೆ ಬಿರುಗಾಳಿ ಎರಗಿ, ಸ್ಪರ್ಧಿಗಳಲ್ಲಿ ಹದಿನೈದು ಮಂದಿ ಮಡಿದರು. ನಮ್ಮವರೇ ಆದ ಅಭಿಲಾಷ್ ಟಾಮಿಯವರು ಒಬ್ಬಂಟಿಯಾಗಿ, ಎಲ್ಲಿಯೂ ತಂಗದೆ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರು. 2013ರಲ್ಲಿ ಆ ಯಾತ್ರೆಯನ್ನು ಮುಗಿಸಿದ್ದವರು. ಅಂತಹವರ ದೋಣಿಯೇ 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ ಮಗುಚಿ, ಕೂವೆಮರವು ಮುರಿದು, ಅವರು ಬೆನ್ನಿಗೆ ಪೆಟ್ಟುಬಿದ್ದು ಏಳಲಾರದೆ ಮಲಗಿದ್ದಾಗ ಫ್ರೆಂಚರ ಹಡಗೊಂದು ಬಂದು ಕಾಪಾಡಿತು. ಆ ಧೀರರು ಅದೇ ಪಂದ್ಯದಲ್ಲಿ ಮತ್ತೆ ಭಾಗವಹಿಸಿ, 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ವಿವೇಕವು ಅಪಾಯವನ್ನು ಇಲ್ಲವಾಗಿಸಲಾರದು, ಕಡಿಮೆಮಾಡಬಲ್ಲದು. ಉಳಿದುದಕ್ಕೆ ಧೈರ್ಯವೇ ಬೇಕು.

ಇಷ್ಟನ್ನೂ ಕೇಳಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಾತ, ಚಿಕ್ಕ ಹಾಯಿ ಕಟ್ಟುವವರು ಪುಕ್ಕಲರಲ್ಲ” ಎಂದಳು. ಅಲ್ಲ ಮಗು, ಅಲ್ಲವೇ ಅಲ್ಲ. ಎಂಟು ತಿಂಗಳು ಸಮುದ್ರದ ಮೇಲಿದ್ದು ಮನೆಗೆ ಮರಳಿದ ಆ ಇಬ್ಬರು ಹೆಣ್ಣುಮಕ್ಕಳು ಎಷ್ಟು ರಾತ್ರಿ ಎದ್ದು, ಎಷ್ಟು ಸಲ ಹಾಯಿಯನ್ನು ಕಿರಿದು ಮಾಡಿದ್ದಾರೋ! ಅವರು ಹೊರಟುದು ಧೈರ್ಯದಿಂದ. ಮರಳಿ ಬಂದುದು ಧೈರ್ಯವೂ ವಿವೇಕವೂ ಕೂಡಿದುದರಿಂದ.