ಜೋಳಿಗೆಗೆ ಬಿದ್ದ ಬೀಡಿಕಟ್ಟು

ಚಟ ಬಿಟ್ಟವನಿಗೆ ಹಣ ಕೊಡಬೇಕೆ? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರಲ್ಲಿ ಇಂಥದೊಂದು ಪ್ರಯೋಗ ನಡೆದು, 2009ರಲ್ಲಿ ಅದರ ಫಲ ಪ್ರಕಟವಾಯಿತು. ಧೂಮಪಾನ ತ್ಯಜಿಸಿದವರಿಗೆ ಹಂತಹಂತವಾಗಿ ಒಟ್ಟು 750 ಡಾಲರುಗಳವರೆಗೆ ಬಹುಮಾನ. ಒಂಬತ್ತು-ಹನ್ನೆರಡು ತಿಂಗಳ ಮೇಲೆ ನೋಡಲಾಗಿ, ಬಹುಮಾನವಿದ್ದವರಲ್ಲಿ ಬಿಟ್ಟವರು ನೂರಕ್ಕೆ 14.7, ಇಲ್ಲದವರಲ್ಲಿ 5.

ನಮ್ಮ ಇಳಕಲ್ಲಿನಲ್ಲಿ ನಡೆದುದು ಇದಕ್ಕೆ ತಿರುವುಮುರುವು. ಅಲ್ಲಿಯ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಬೇಡಿದುದು ಕಾಳಲ್ಲ, ಕಾಸಲ್ಲ, ಜನರ ದುಶ್ಚಟಗಳನ್ನು. ಬಿಡುವವನಿಗೆ ಬಹುಮಾನವಿಲ್ಲ, ಅವನೇ ದಾನಿ!

ನಾನು ಚಿಕ್ಕವನಿದ್ದಾಗ ಹುನಗುಂದದ ನಮ್ಮ ಕಾಕಾ ಆ ಜೋಳಿಗೆಗೆ ಬೀಡಿಕಟ್ಟು ಹಾಕಿ ಬಂದರು. ಕೆಲವು ತಿಂಗಳ ಮೇಲೆ, ಬದಾಮಿಯ ಬನಶಂಕರಿ ಜಾತ್ರೆಯಲ್ಲಿ, ಗಾಡಿಯ ಮರೆಗೆ ನಿಂತು ಸೇದುತ್ತಿದ್ದುದನ್ನು ಕಂಡೆ.

“ಇದೇನು ಕಾಕಾ?” ಎಂದೆ.

“ಕೊಟ್ಟ ದಾನ ಕಸಗೊಂಡೆನಲ್ಲೋ ತಮ್ಮಾ,” ಎಂದು ತಲೆ ತಗ್ಗಿಸಿದರು. ಅದೇ ಅವರ ಕಡೆಯ ಬೀಡಿ.

ನಾಚಿಕೆ ಎಲ್ಲರನ್ನೂ ಕಾಯುವುದೆಂದು ನಾನು ಹೇಳಲಾರೆ. ಹಣವಾದರೂ ನೂರರಲ್ಲಿ ಎಂಬತ್ತೈದು ಜನರನ್ನು ಕಾಯಲಿಲ್ಲ. ಆದರೆ ಹಣ ಮನುಷ್ಯನಲ್ಲಿ ಬೇಡುವವನನ್ನು ಕಾಣುತ್ತದೆ. ಜೋಳಿಗೆ ಕೊಡುವವನನ್ನು ಕಾಣುತ್ತದೆ.

ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿಗೆ ವ್ಯಸನಮುಕ್ತ ದಿನ. ಬಾಗಲಕೋಟೆಯ ನನ್ನ ತರಗತಿಯಲ್ಲಿ ಯಾವನಾದರೊಬ್ಬನ ಅಂಗಿ ಸಿಗರೇಟು ನಾರಿದರೆ, ದಂಡದ ಮಾತು ನಾಲಗೆಗೆ ಬರುತ್ತದೆ. ನುಂಗಿಕೊಂಡು, ಹೊರಗೆ ಕರೆದು, ಕೈಯೊಡ್ಡುತ್ತೇನೆ: “ಅದನ್ನು ನನಗೆ ಕೊಡು, ತಮ್ಮಾ.”