ಕಂಪನಿ ತೆರೆಸಿದವರು ಮುಚ್ಚುವುದನ್ನೂ ಕಲಿಸಲಿ

ಪದವಿ ಕೈಗೆ ಬರುವ ಮುನ್ನವೇ ಕಂಪನಿಯೊಂದರ ನಿರ್ದೇಶಕರಾಗುವುದು ಈಗ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಪರೂಪದ ಸಂಗತಿಯಲ್ಲ. ವಿದ್ಯಾರ್ಥಿಗಳ ನವೋದ್ಯಮಕ್ಕೆ ನೆರವಾಗುವ ಒಂದು ಕೇಂದ್ರ, ಗಾಜಿನ ಗೋಡೆಯ ಒಂದು ಕೊಠಡಿ, ಮಾರ್ಗದರ್ಶಕರ ಒಂದು ಪಟ್ಟಿ, ವರ್ಷಕ್ಕೊಂದು ಸ್ಪರ್ಧೆ ಇವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಯೋಗಾಲಯದಷ್ಟೇ ಸಾಮಾನ್ಯವಾಗತೊಡಗಿವೆ. ಕಂಪನಿ ನೋಂದಣಿಯಾದ ದಿನ ಪ್ರಮಾಣಪತ್ರ ಹಿಡಿದು ತೆಗೆಸಿಕೊಂಡ ಛಾಯಾಚಿತ್ರವೂ ಪತ್ರಿಕೆಗೆ ಬರುತ್ತದೆ. ಅದೇ ಕಂಪನಿ ನಿಂತುಹೋದ ದಿನ ಏನಾಯಿತೆಂಬುದು ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ಈ ಲೇಖನ ಆ ಎರಡನೆಯ ದಿನದ ಕುರಿತು.

ಈ ಪ್ರಯತ್ನದ ಹಿಂದಿನ ಆಶಯ ಒಳ್ಳೆಯದು, ಹೊಸತೂ ಅಲ್ಲ. ಕೇಂದ್ರ ಸರ್ಕಾರ 1982ರಲ್ಲೇ ವಿಜ್ಞಾನ ಮತ್ತು ತಂತ್ರಜ್ಞಾನ ಉದ್ಯಮಶೀಲತೆಗಾಗಿ ರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿತು. ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಮತ್ತು ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನ ಉದ್ಯಮಶೀಲತಾ ಪಾರ್ಕ್‌ಗಳು ಹುಟ್ಟಿದ್ದು ಆ ಚಿಂತನೆಯಿಂದಲೇ. ಬೆಂಗಳೂರಿನ ಐಐಎಂ 2000ದಲ್ಲಿ ತನ್ನ ಕೇಂದ್ರವನ್ನು ಆರಂಭಿಸಿತು. ಬಳಿಕ ರಾಜ್ಯ ಸರ್ಕಾರ ಬೆಂಗಳೂರಿನ ಹೊರಗಿನ ಕಾಲೇಜುಗಳನ್ನು ಒಂದು ಜಾಲಕ್ಕೆ ತಂದು, ಸ್ಥಳೀಯ ಸಮಸ್ಯೆಗಳಿಗೆ ಪರಿಹಾರ ಹುಡುಕುವ ವಿದ್ಯಾರ್ಥಿ ತಂಡಗಳಿಗೆ ಯೋಜನೆಯೊಂದಕ್ಕೆ 3 ಲಕ್ಷ ರೂಪಾಯಿವರೆಗೆ ಅನುದಾನ ಕೊಡತೊಡಗಿತು. ಯಶಸ್ಸಿನ ಉದಾಹರಣೆಗಳೂ ಕಣ್ಣೆದುರಿಗಿವೆ. ಮದ್ರಾಸ್ ಐಐಟಿಯಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಅದೇ ಸಂಸ್ಥೆಯ ಆಸರೆಯಲ್ಲಿ ಕಟ್ಟಿದ ಏಥರ್ ವಿದ್ಯುತ್ ಸ್ಕೂಟರ್ ಕಂಪನಿ ಬೆಂಗಳೂರಿನಲ್ಲಿ ನೆಲೆನಿಂತು, 2025ರಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು.

ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ನಾವೀನ್ಯ ಮತ್ತು ನವೋದ್ಯಮ ನೀತಿಯು ಇನ್ನೂ ಉದಾರವಾಗಿದೆ. ಉದ್ಯಮಕ್ಕಾಗಿ ವಿದ್ಯಾರ್ಥಿಯು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಬಿಡುವು ಪಡೆಯಬಹುದು. ಅನುಮತಿ ಇದ್ದರೆ ಹಾಜರಾತಿ ಕಡಿಮೆಯಿದ್ದರೂ ಪರೀಕ್ಷೆ ಬರೆಯಬಹುದು. ಪ್ರಾಜೆಕ್ಟ್ ಬದಲಿಗೆ ತನ್ನ ಉದ್ಯಮವನ್ನೇ ಒಪ್ಪಿಸಬಹುದು. ಕಾಲೇಜಿನ ವಿಳಾಸದಲ್ಲೇ ಕಂಪನಿಯನ್ನು ನೋಂದಾಯಿಸಬಹುದು. ಸಂಸ್ಥೆಯು ತಾನು ನೀಡಿದ ನೆರವಿಗೆ ಪ್ರತಿಯಾಗಿ ಶೇ 2ರಿಂದ 9.5ರಷ್ಟು ಪಾಲನ್ನು ಪಡೆಯಲು ಅವಕಾಶವಿದೆ. 9.5ರ ಮಿತಿಗೆ ಕೊಟ್ಟ ಕಾರಣವೂ ಗಮನಾರ್ಹ: ಅದರೊಳಗಿದ್ದರೆ ಕಂಪನಿಯ ಕಾನೂನು ಹೊಣೆಗಾರಿಕೆ ಸಂಸ್ಥೆಯ ಮೇಲೆ ಬಾರದಂತೆ! ಹೊಣೆಯೆಲ್ಲ ಇಪ್ಪತ್ತೊಂದರ ಹರೆಯದ ನಿರ್ದೇಶಕರದೇ.

ಕಾಲೇಜುಗಳಿಗೆ ಏಕಿಷ್ಟು ಅವಸರ? ನಾವೀನ್ಯ ಸಾಧನೆಗಾಗಿ ಸಂಸ್ಥೆಗಳಿಗೆ ಶ್ರೇಯಾಂಕ ಕೊಡುವ ಅಟಲ್ ಪಟ್ಟಿ ಮೊದಲ ಬಾರಿಗೆ 2019ರಲ್ಲಿ ಹೊರಬಂತು. ಎಷ್ಟು ನವೋದ್ಯಮಗಳು ಹುಟ್ಟಿದವು ಎಂಬ ಸಂಖ್ಯೆಗೆ ಬೆಲೆ ಬಂದದ್ದು ಇಂತಹ ಮಾಪನಗಳಿಂದ. ಸಂಖ್ಯೆ ಕೇಳಿದರೆ ಸಂಖ್ಯೆ ಒದಗುತ್ತದೆ ಎಂಬುದು ಆಡಳಿತದಲ್ಲಿದ್ದವರಿಗೆ ಹೊಸ ಪಾಠವೇನಲ್ಲ. 1993ರಲ್ಲಿ ವಿದ್ಯಾವಂತ ನಿರುದ್ಯೋಗಿಗಳಿಗಾಗಿ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಬಂದಾಗ ನಾನು ಜಿಲ್ಲಾಮಟ್ಟದ ಆಯ್ಕೆ ಸಮಿತಿಯ ಸಭೆಗಳಲ್ಲಿ ಕುಳಿತಿದ್ದೇನೆ. ಮಾರ್ಚ್ ತಿಂಗಳು ಹತ್ತಿರವಾದಂತೆ ಮಂಜೂರಾತಿಯ ವೇಗ ಹೆಚ್ಚುತ್ತಿತ್ತು. ಝೆರಾಕ್ಸ್ ಅಂಗಡಿ, ಎಸ್‌ಟಿಡಿ ಬೂತ್, ಹಿಟ್ಟಿನ ಗಿರಣಿ, ಹೀಗೆ ಒಂದೇ ಬೀದಿಗೆ ಮೂರು ಮೂರು. ಗುರಿ ತಲುಪಿದ ಜಿಲ್ಲೆಗೆ ಮೆಚ್ಚುಗೆಯ ಪತ್ರ ಬರುತ್ತಿತ್ತು, ಸಾಲಗಾರನ ಮನೆಗೆ ಬ್ಯಾಂಕಿನ ನೋಟಿಸು. ಆ ಯೋಜನೆ 2008ರಲ್ಲಿ ಬೇರೊಂದರಲ್ಲಿ ವಿಲೀನವಾಯಿತು. ಆ ಮನೋಧರ್ಮ ಎಲ್ಲಿಯೂ ವಿಲೀನವಾಗಲಿಲ್ಲ.

ನನ್ನ ಪರಿಚಿತರೊಬ್ಬರ ಮಗಳ ಪ್ರಕರಣವನ್ನು ಇಲ್ಲಿ ಹೇಳಬೇಕು. ಜಿಲ್ಲಾ ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಕೆ ಮತ್ತು ಇಬ್ಬರು ಸಹಪಾಠಿಗಳು ರೇಷ್ಮೆಹುಳು ಸಾಕುವ ಮನೆಯ ಶಾಖ, ತೇವಾಂಶಗಳನ್ನು ಅಳೆದು ರೈತನ ಮೊಬೈಲಿಗೆ ತಿಳಿಸುವ ಸಾಧನವೊಂದನ್ನು ಮಾಡಿದ್ದರು. ಒಳ್ಳೆಯ ಕೆಲಸ, ನಾನೇ ನೋಡಿದ್ದೆ. ಪರಿಶೀಲನಾ ತಂಡ ಬರುವುದಿದೆ ಎಂದು 2020ರ ಫೆಬ್ರವರಿಯಲ್ಲಿ ಅವಸರವಾಗಿ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದನ್ನು ನೋಂದಾಯಿಸಿದರು. ಖರ್ಚನ್ನು ಕಾಲೇಜೇ ಭರಿಸಿತು. ಮರುತಿಂಗಳು ಲಾಕ್‌ಡೌನ್ ಬಂತು. ಒಂದು ಸಾಧನವೂ ಮಾರಾಟವಾಗಲಿಲ್ಲ. ಮೂವರೂ ಪದವಿ ಪಡೆದು ಬೆಂಗಳೂರಿನಲ್ಲಿ ನೌಕರಿಗೆ ಸೇರಿದರು. ವ್ಯಾಪಾರವೇ ನಡೆಯದಿದ್ದ ಮೇಲೆ ಕಂಪನಿಯೂ ಇಲ್ಲವೆಂದೇ ಅವರು ಭಾವಿಸಿದ್ದರು. 2024ರ ಕೊನೆಗೆ ಆಕೆ ನಾಲ್ಕು ವರ್ಷದ ಅನುಭವ, ಒಂದಿಷ್ಟು ಉಳಿತಾಯ, ಒಬ್ಬ ಖಚಿತ ಗ್ರಾಹಕನೊಂದಿಗೆ ನಿಜವಾದ ಉದ್ಯಮವೊಂದನ್ನು ಆರಂಭಿಸಲು ಹೊರಟಾಗ ತಿಳಿದದ್ದೇನೆಂದರೆ, ಆಕೆ ಐದು ವರ್ಷ ಯಾವ ಕಂಪನಿಗೂ ನಿರ್ದೇಶಕಿಯಾಗುವಂತಿಲ್ಲ.

ಕಾನೂನು ಸ್ಪಷ್ಟವಾಗಿದೆ. ಖಾಸಗಿ ಕಂಪನಿಯೊಂದು ಒಂದು ರೂಪಾಯಿ ವ್ಯವಹಾರ ಮಾಡದಿದ್ದರೂ ಪ್ರತಿವರ್ಷ ಲೆಕ್ಕಪರಿಶೋಧನೆ ಆಗಬೇಕು, ಆಯವ್ಯಯ ಪತ್ರ ಮತ್ತು ವಾರ್ಷಿಕ ವಿವರಪತ್ರ ಎರಡನ್ನೂ ಸಲ್ಲಿಸಬೇಕು. ಸತತ ಮೂರು ವರ್ಷ ಸಲ್ಲಿಸದಿದ್ದರೆ 2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅದರ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಹೀಗೆ ಒಮ್ಮೆಗೇ 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹಗೊಂಡರು. ಗುರಿ ಕಾಗದದ ಕಂಪನಿಗಳಾಗಿದ್ದವು. ಆದರೆ ಬಲೆಗೆ ತಿಮಿಂಗಿಲ ಯಾವುದು, ಮೀನುಮರಿ ಯಾವುದು ಎಂಬ ಭೇದವಿಲ್ಲ. 2018ರ ಜುಲೈಯಿಂದ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ ವಿಳಂಬ ಶುಲ್ಕ. ಎರಡು ನಮೂನೆಗಳಿಗೆ ವರ್ಷಕ್ಕೆ 73 ಸಾವಿರ. ಆ ಮೂವರು ಮೂರು ವರ್ಷಗಳ ಬಾಕಿಯನ್ನು 2024ರ ಕೊನೆಯಲ್ಲಿ ತೀರಿಸಹೊರಟಿದ್ದರೆ 4 ಲಕ್ಷ ರೂಪಾಯಿ ಮೀರುತ್ತಿತ್ತು. ಒಂದು ವಿದ್ಯಾರ್ಥಿ ಯೋಜನೆಗೆ ಸರ್ಕಾರ ಕೊಡುವ ಗರಿಷ್ಠ ಅನುದಾನಕ್ಕಿಂತ ಅದನ್ನು ಮರೆತದ್ದಕ್ಕೆ ತೆರಬೇಕಾದ ದಂಡವೇ ದೊಡ್ಡದು!

2016ರ ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಉದ್ಘಾಟನೆಯಾಯಿತು. ಮರುತಿಂಗಳು ಮಂಡನೆಯಾದ ಆರ್ಥಿಕ ಸಮೀಕ್ಷೆಯಲ್ಲಿ ಒಂದು ಅಧ್ಯಾಯಕ್ಕೇ ಚಕ್ರವ್ಯೂಹದ ಹೆಸರಿಟ್ಟಿದ್ದರು. ಪ್ರವೇಶಕ್ಕೆ ಅಡ್ಡಿಯಿದ್ದ ಸಮಾಜವಾದದಿಂದ ನಿರ್ಗಮನವೇ ಇಲ್ಲದ ಮಾರುಕಟ್ಟೆಗೆ ಬಂದಿದ್ದೇವೆಂಬುದು ಅದರ ತಾತ್ಪರ್ಯ. ಅಭಿಮನ್ಯುವಿನ ಕಥೆ ಕೇಳಿ ಬೆಳೆದ ನಮಗೆ ಈ ಹೋಲಿಕೆಯನ್ನು ವಿವರಿಸಬೇಕಿಲ್ಲ. ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೊಲ್ 1982ರಲ್ಲಿ ಪ್ರತಿಪಾದಿಸಿದ್ದೂ ಇದನ್ನೇ: ನಷ್ಟವಿಲ್ಲದೆ ಹೊರಬರಲು ಸಾಧ್ಯವಿದ್ದಾಗಲೇ ಹೊಸಬರು ಧೈರ್ಯವಾಗಿ ಮಾರುಕಟ್ಟೆಯೊಳಗೆ ಕಾಲಿಡುತ್ತಾರೆ. ಉಳ್ಳವರ ಮಕ್ಕಳಿಗೆ ಈ ನಷ್ಟ ಒಂದು ಅನುಭವ. ಮನೆಯ ಲೆಕ್ಕವನ್ನು ಅವರ ತಂದೆಯ ಆಡಿಟರೇ ನೋಡಿಕೊಳ್ಳುತ್ತಾರೆ. ಶಿಕ್ಷಣ ಸಾಲ ತೀರಿಸುತ್ತಿರುವ ರೈತನ ಮಗನಿಗೆ ಅದು ಹಾಗಲ್ಲ.

ನಾನು ಈ ವಿಷಯ ಪ್ರಸ್ತಾಪಿಸಿದಾಗ ಪ್ರಾಧ್ಯಾಪಕರೊಬ್ಬರು, ‘ಲಗ್ನಪತ್ರಿಕೆ ಬರೆಯುವಾಗ ವಿಚ್ಛೇದನದ ಮಾತೇಕೆ?’ ಎಂದು ನಕ್ಕರು. ಚಮತ್ಕಾರದ ಮಾತು, ಆದರೆ ಸರಿಯಾದುದಲ್ಲ. ಹೊಸ ಉದ್ಯಮಗಳಲ್ಲಿ ಬಹುಪಾಲು ನಿಲ್ಲುತ್ತವೆ ಎಂಬುದನ್ನು ಕಾರ್ಯಾಗಾರದ ಮೊದಲ ದಿನವೇ ಹೇಳುತ್ತಾರೆ. ವೈಫಲ್ಯವನ್ನು ಕೊಂಡಾಡುವ ಭಾಷಣಗಳಿಗೂ ಕೊರತೆಯಿಲ್ಲ. ವಿಫಲವಾದ ಕಂಪನಿಯ ಕಾಗದಪತ್ರಗಳನ್ನು ಯಾರು, ಯಾವ ಹಣದಲ್ಲಿ, ಯಾವ ಕಚೇರಿಗೆ ಒಯ್ಯಬೇಕು ಎಂದು ಹೇಳುವವರು ಮಾತ್ರ ಆ ವೇದಿಕೆಯಲ್ಲಿ ಇರುವುದಿಲ್ಲ.

ಮೊದಲ ಗ್ರಾಹಕ ಹಣ ಕೊಡುವವರೆಗೆ ಕಂಪನಿಯ ನೋಂದಣಿಯೇ ಬೇಕಿಲ್ಲ. ಅನುದಾನದ ತಂಡ ತಂಡವಾಗಿಯೇ ಇರಬಹುದು. ಅಗತ್ಯವಾದರೆ 1932ರ ಕಾಯ್ದೆಯ ಪಾಲುದಾರಿಕೆ ಇದೆ. 2008ರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯೂ ಇದೆ. ಇದರಲ್ಲಿ ವಹಿವಾಟು 40 ಲಕ್ಷ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ದಾಟುವವರೆಗೆ ಲೆಕ್ಕಪರಿಶೋಧನೆ ಕಡ್ಡಾಯವಲ್ಲ. ವಾರ್ಷಿಕ ವಿವರಪತ್ರಗಳನ್ನಂತೂ ಸಲ್ಲಿಸಲೇಬೇಕು. ಹೂಡಿಕೆದಾರ ಬಂದಾಗ ಕಂಪನಿಯಾಗಿ ಬದಲಾಗಲು ತಡೆಯಿಲ್ಲ. ಇಷ್ಟಾದರೂ ಕಂಪನಿಯೇ ಬೇಕೆಂದು ಕಾಲೇಜು ಒತ್ತಾಯಿಸುವುದಾದರೆ, ಅದು ಪಡೆಯುವ ಶೇಕಡಾವಾರು ಪಾಲಿಗೆ ಪ್ರತಿಯಾಗಿ ಕನಿಷ್ಠ ಮೂರು ವರ್ಷ ಆ ಕಂಪನಿಯ ಲೆಕ್ಕಪತ್ರ ಸಲ್ಲಿಕೆಯ ಖರ್ಚನ್ನು ತಾನೇ ಹೊರಲಿ.

ಮುಚ್ಚುವ ದಾರಿ ಮೊದಲಿಗಿಂತ ಸುಗಮವಾಗಿರುವುದು ನಿಜ. ಕಂಪನಿಗಳ ಹೆಸರು ತೆಗೆದುಹಾಕುವ ಅರ್ಜಿಗಳಿಗೆಂದೇ 2023ರ ಮೇ ತಿಂಗಳಲ್ಲಿ ಮಾನೇಸರದಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಗಿದೆ. ಅರ್ಜಿಯ ಶುಲ್ಕವನ್ನು 2019ರಲ್ಲಿ 10 ಸಾವಿರ ರೂಪಾಯಿಗೆ ಏರಿಸಲಾಯಿತು. ಬಾಕಿ ವಿವರಪತ್ರಗಳನ್ನು ಮೊದಲು ಸಲ್ಲಿಸಬೇಕೆಂಬ ಷರತ್ತೂ ಇದೆ. ಹಾಗಾಗಿ ಈ ಕೆಲಸ ಆಗಬೇಕಾದದ್ದು ವಿದ್ಯಾರ್ಥಿಗಳು ಚದುರಿಹೋಗುವ ಮುನ್ನ, ಕೊನೆಯ ಸೆಮಿಸ್ಟರ್ ಮುಗಿದ ಕೆಲವೇ ತಿಂಗಳಲ್ಲಿ. ಸಂಸ್ಥೆಗಳು ತಮ್ಮ ವಾರ್ಷಿಕ ಬಜೆಟ್ಟಿನ ಕನಿಷ್ಠ ಶೇ 1ರಷ್ಟನ್ನು ನಾವೀನ್ಯ ಮತ್ತು ನವೋದ್ಯಮ ಚಟುವಟಿಕೆಗಳಿಗೆ ಮೀಸಲಿಡಬೇಕೆಂದು 2019ರ ಅದೇ ನೀತಿ ಹೇಳುತ್ತದೆ. ಅದರಲ್ಲಿ ಒಬ್ಬ ಅರೆಕಾಲಿಕ ಲೆಕ್ಕಿಗರ ಸಂಬಳ ಮತ್ತು ನಿಂತುಹೋದ ನಾಲ್ಕಾರು ಕಂಪನಿಗಳ ಅರ್ಜಿ ಶುಲ್ಕ ಹುಟ್ಟದೇ ಹೋಗದು. ಘಟಿಕೋತ್ಸವಕ್ಕೆ ಮುನ್ನ ಗ್ರಂಥಾಲಯದ ಬಾಕಿ ಇಲ್ಲವೆಂಬ ಚೀಟಿ ಕೇಳುವ ಕಾಲೇಜು, ಕಂಪನಿಯ ಬಾಕಿ ಇಲ್ಲವೆಂಬ ಚೀಟಿಯನ್ನೂ ಕೇಳಬಹುದು.