ವೇಷ ಪರದೇಶಿ, ನಾಲಿಗೆ ಸ್ವದೇಶಿ!

ಗಲ್ಲಾ ಮೇಲೆ ಕೂತ ಅಂಗಡಿ ಯಜಮಾನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಿರಾಕಿ ಬಾಯಿ ಬಿಟ್ಟ ಕೂಡಲೇ ಗೊತ್ತಾಗುತ್ತದೆ: ಈತ ಧಾರವಾಡದ ಕಡೆಯವನು, ಆತ ಮಂಗಳೂರಿನವನು ಅಂತ. ಅಂಗಿ ಬದಲಾಯಿಸಬಹುದು, ನಾಲಿಗೆ ಬದಲಾಯಿಸುವುದು ಅಷ್ಟು ಸಲೀಸಲ್ಲ. ಕೋಟಿಗಟ್ಟಲೆ ಸುರಿಯುವ ಹಾಲಿವುಡ್ ಮಂದಿಗೂ ಈ ಕಷ್ಟ ತಪ್ಪಿಲ್ಲ.

1964ರ ‘ಮೇರಿ ಪಾಪಿನ್ಸ್’ ಚಿತ್ರವನ್ನೇ ತಗೊಳ್ಳಿ. ಅಮೆರಿಕದ ಡಿಕ್ ವ್ಯಾನ್ ಡೈಕ್‌ಗೆ ಅದರಲ್ಲಿ ಲಂಡನ್ನಿನ ಬಡ ಕೆಲಸಗಾರನ ಪಾತ್ರ. ಅಂಥವರು ಆಡುವ ಮಾತಿಗೆ ‘ಕಾಕ್ನಿ’ ಅಂತ ಹೆಸರು. ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುವಂತೆ ಅಲ್ಲೂ ‘ಹ’ಕಾರ ಸ್ವಾಹಾ! ವ್ಯಾನ್ ಡೈಕ್ ಕುಣಿದದ್ದು ಚೆನ್ನ, ಹಾಡಿದ್ದೂ ಚೆನ್ನ. ಮಾತಿಗೆ ನಿಂತರೆ ಮಾತ್ರ ಕೆಟ್ಟಿತು. ಐವತ್ತು ವರ್ಷ ಕಳೆದರೂ ಇಂಗ್ಲೆಂಡಿನವರ ಗೇಲಿ ನಿಲ್ಲಲಿಲ್ಲ. 2017ರಲ್ಲಿ ಬ್ರಿಟನ್ನಿನ ಚಿತ್ರ ಸಂಸ್ಥೆ ‘ಬಾಫ್ಟಾ’ ಅವರನ್ನು ಸನ್ಮಾನಕ್ಕೆ ಆರಿಸಿದಾಗ, 91ರ ಆ ಅಜ್ಜ ನಗುನಗುತ್ತಲೇ ಕ್ಷಮೆ ಕೇಳಿದರು.

ಜೇಮ್ಸ್ ಬಾಂಡ್ ಖ್ಯಾತಿಯ ಶಾನ್ ಕಾನರಿ ಸ್ಕಾಟ್ಲೆಂಡಿನ ಆಸಾಮಿ. 1987ರ ‘ದಿ ಅನ್‌ಟಚಬಲ್ಸ್’ನಲ್ಲಿ ಐರಿಷ್ ಮೂಲದ ಪೊಲೀಸ್, 1990ರ ‘ದಿ ಹಂಟ್ ಫಾರ್ ರೆಡ್ ಅಕ್ಟೋಬರ್’ನಲ್ಲಿ ಸೋವಿಯತ್ ಸಬ್‌ಮೆರೀನಿನ ಕ್ಯಾಪ್ಟನ್. ಎರಡರಲ್ಲೂ ಅದೇ ಸ್ಕಾಟಿಷ್ ರಾಗ! ಆದರೂ ಪೊಲೀಸ್ ಪಾತ್ರಕ್ಕೆ ಆಸ್ಕರ್ ಬಂತು. ಗತ್ತು ಇದ್ದವನಿಗೆ ಜನ ಮಾಫಿ ಕೊಡುತ್ತಾರೆ.

ಮೆರಿಲ್ ಸ್ಟ್ರೀಪ್ ದಾರಿಯೇ ಬೇರೆ. 1982ರ ‘ಸೋಫೀಸ್ ಚಾಯ್ಸ್’ನಲ್ಲಿ ನಾಜಿ ಶಿಬಿರದಿಂದ ಬದುಕಿ ಬಂದ ಪೋಲೆಂಡಿನ ಹೆಣ್ಣುಮಗಳಾಗಲು ಆಕೆ ಪೋಲಿಷ್ ಭಾಷೆಯನ್ನೇ ಕಲಿತರು. ಪರಭಾಷೆಯಲ್ಲಿ ಪದಕ್ಕೆ ತಡಕಾಡುವ ಸೋಫಿಯನ್ನು ಕಂಡರೆ ನಗು ಬರೋದಿಲ್ಲ, ಕಣ್ಣು ತುಂಬುತ್ತದೆ. ಆಸ್ಕರ್ ಪುಕ್ಕಟೆ ಸಿಕ್ಕಿದ್ದಲ್ಲ.

ಇದರಿಂದ ನಮಗೇನು ಅಂತೀರಾ? ಇದೆ ಸ್ವಾಮಿ. 1968ರ ‘ದಿ ಪಾರ್ಟಿ’ಯಲ್ಲಿ ಇಂಗ್ಲೆಂಡಿನ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾದರು. ಆಮೇಲೆ ಅಮೆರಿಕದ ಟೀವಿ ಕಾರ್ಟೂನ್ ‘ದಿ ಸಿಂಪ್ಸನ್ಸ್’ನಲ್ಲಿ ‘ಅಪು’ ಬಂದ. ಅವನೂ ಅಂಗಡಿಯವನೇ! ಭಾರತೀಯನ ಆ ಎಳೆದಾಟದ ಇಂಗ್ಲಿಷಿಗೆ ದನಿ ಕೊಟ್ಟವರು ನ್ಯೂಯಾರ್ಕಿನ ಹ್ಯಾಂಕ್ ಅಜಾರಿಯಾ, ಸುಮಾರು ಮೂವತ್ತು ವರ್ಷ. ಅಲ್ಲೇ ಹುಟ್ಟಿ, ಅಲ್ಲಿಯವರಂತೆಯೇ ಮಾತಾಡುವ ನಮ್ಮವರ ಮಕ್ಕಳನ್ನೂ ಶಾಲೆಯಲ್ಲಿ ‘ಅಪು’ ಅಂತ ಅಣಕಿಸಿದರು. ಭಾರತೀಯ ಮೂಲದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಈ ನೋವನ್ನೇ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು.

ಎರಡು ನಗೆಗೂ ವ್ಯತ್ಯಾಸ ನೋಡಿ. ವ್ಯಾನ್ ಡೈಕ್ ಎಡವಿದಾಗ ಜನ ನಕ್ಕಿದ್ದು ನಟನನ್ನು ಕಂಡು. ಅಪು ವಿಷಯದಲ್ಲಿ ಸಂಭಾವನೆ ನಟನಿಗೆ, ಏಟು ಮಾತ್ರ ಶಾಲೆಗೆ ಹೋಗುವ ಮಕ್ಕಳಿಗೆ.

ನಮ್ಮ ಸಿನಿಮಾದವರೇನು ಸಾಚಾಗಳೇ? ಮಂಗಳೂರು ಕನ್ನಡ ಎಂದರೆ ಎರಡು ‘ಮಾರಾಯ್ರೆ’ ಉದುರಿಸಿದರೆ ಮುಗಿಯಿತು ಅನ್ನುವವರು ಇಲ್ಲೂ ಇದ್ದಾರೆ. ಬೇರೆ ಊರಿನ ಮಾತಾಡುವ ನಟ ಗೆದ್ದನೋ ಸೋತನೋ ತಿಳಿಯಲು ಪ್ರಶಸ್ತಿ ಸಮಿತಿ ಬೇಡ. ಆ ಊರಿನವರು ಪಕ್ಕದ ಸೀಟಿನಲ್ಲಿದ್ದರೆ ಮೆಲ್ಲಗೆ ತಿರುಗಿ ನೋಡಿ. ಅವರೂ ನಗುತ್ತಿದ್ದರೆ ನಟ ಪಾಸು. ತಲೆ ತಗ್ಗಿಸಿದ್ದರೆ ಫೇಲು!